ಆಲಿವ್ ಕೊಂಬೆ, ಬೆಳ್ಳಿ ತಾವರೆ

ಪ್ರಶ್ನೆ: ಫ್ರಾನ್ಸಿನ ಹಳೆಯ ಚಿತ್ರಗಳಲ್ಲಿ ರಾಜರ ಸುತ್ತ ದೇವತೆಗಳು, ಮೋಡಗಳು ಯಾಕೆ ಇರುತ್ತವೆ? ನಮ್ಮ ಕಡೆ ಯಾವ ರಾಜನನ್ನಾದರೂ ಹೀಗೆ ತೋರಿಸಿದ್ದುಂಟೇ?
— ಓದುಗರೊಬ್ಬರು, ಗುಂಡಗುರ್ತಿ

ಉತ್ತರ: ಶಾಂತಿ, ಸಮೃದ್ಧಿ, ಕೀರ್ತಿ ಇವಕ್ಕೆ ಮೈಯಿಲ್ಲ, ಮುಖವಿಲ್ಲ. ರಾಜ ಸಂಧಿ ಮಾಡಿಕೊಂಡದ್ದನ್ನು ಇದ್ದ ಹಾಗೆ ಬರೆದರೆ ಒಂದು ಮೇಜು, ನಾಲ್ಕು ಜನ ದರಬಾರಿಗಳು, ಅಷ್ಟೇ ಕಂಡೀತು. ಅದಕ್ಕೇ ಚಿತ್ರಕಾರರು ಗುಣಗಳಿಗೆ ಹೆಣ್ಣುರೂಪ ಕೊಟ್ಟು ರಾಜನ ಪಕ್ಕ ನಿಲ್ಲಿಸಿದರು. ಇದೇ ರೂಪಕ ಚಿತ್ರ. ಫ್ರಾನ್ಸುವಾ ಲೆಮ್ವಾನ್ 1729ರಲ್ಲಿ ವರ್ಸೈ ಅರಮನೆಗೆ ಬರೆದ ಚಿತ್ರದಲ್ಲಿ 15ನೇ ಲೂಯಿ ಯುರೋಪಿಗೆ ಆಲಿವ್ ಕೊಂಬೆ ನೀಡುತ್ತಾನೆ. ಅಲ್ಲಿ ಯುರೋಪೆಂದರೆ ಒಬ್ಬ ಹೆಂಗಸು. ಶಾಂತಿ ಕರುಣಿಸುವ ದೊರೆಗೆ ಆಗ ಬರೀ 19 ವರ್ಷ! ನತಿಯೇ ಎಂಬಾತ 1742ರಲ್ಲಿ ಅದೇ ರಾಜನ ಮಗಳನ್ನು ಹೂಗಳ ದೇವತೆ ಫ್ಲೋರಾಳಾಗಿ ಬರೆದ. ಹೊಗಳಿಕೆ ಹೆಚ್ಚಾಯಿತು ಅನ್ನಿಸಿದರೆ ಅದು ನಿಮ್ಮೊಬ್ಬರ ಅನುಮಾನವಲ್ಲ. ನಿಜವಾಗಿ ಬದುಕಿದವರ ನಡುವೆ ಕಲ್ಪಿತ ವ್ಯಕ್ತಿಗಳನ್ನು ತಂದು ಸೇರಿಸಿದರೆ ಚಿತ್ರ ನಂಬುವ ಹಾಗಿರುವುದಿಲ್ಲ ಎಂದು ದ್ಯುಬೊ ಎಂಬ ಪಾದ್ರಿ 1719ರಲ್ಲೇ ತಕರಾರು ತೆಗೆದಿದ್ದ.

ಇನ್ನು ನಮ್ಮ ಕಡೆ. ನಿಮ್ಮ ಚಿತ್ತಾಪುರ ತಾಲ್ಲೂಕಿನಲ್ಲೇ, ಸನ್ನತಿಯ ಮಗ್ಗುಲಿಗೆ, ಭೀಮಾ ದಂಡೆಯ ಕನಗನಹಳ್ಳಿ ಇದೆಯಲ್ಲ! 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪವೇ ಹೊರಬಂತು. ಅದರ ಸುಣ್ಣಕಲ್ಲಿನ ಫಲಕವೊಂದರಲ್ಲಿ ರಾಜ ರಾಣಿಯರು ನಿಂತಿದ್ದಾರೆ. ಜೊತೆಗೆ ಛತ್ರಿ ಹಿಡಿದವಳೊಬ್ಬಳು, ಚಾಮರದವಳೊಬ್ಬಳು. ಮೇಲೆ ಬ್ರಾಹ್ಮಿ ಅಕ್ಷರಗಳಲ್ಲಿ ‘ರಾಯ ಅಸೋಕೋ’ ಎಂದು ಹೆಸರೇ ಕೊರೆದಿದೆ. ಮೋಡವೂ ಇಲ್ಲ, ರೆಕ್ಕೆಯವರೂ ಇಲ್ಲ. ಪ್ಯಾರಿಸ್ಸಿನ ಪ್ರದರ್ಶನಗಳಲ್ಲಾದರೆ ಯಾವ ಚಿತ್ರ ಯಾವುದು ಎಂದು ತಿಳಿಯಲು ಕೈಪುಸ್ತಕ ಕೊಳ್ಳಬೇಕಿತ್ತು. ಇಲ್ಲಿ ಕಲ್ಲೇ ಹೇಳಿಬಿಡುತ್ತದೆ.

ಹಾಗೆಂದು ಅವರದು ಮುಖಸ್ತುತಿ, ನಮ್ಮದು ಕಂಡದ್ದು ಕಂಡ ಹಾಗೆ ಎಂದು ಬೀಗಬೇಡಿ. ಅಶೋಕ ತೀರಿಕೊಂಡು ಎಷ್ಟೋ ತಲೆಮಾರು ಕಳೆದ ಮೇಲೆ ಕಡೆದ ಮುಖ ಅದು. ಶಿಲ್ಪಿ ಅವನನ್ನು ಕಂಡವನಲ್ಲ. ಛತ್ರಿ, ಚಾಮರಗಳೂ ಬಿಸಿಲಿಗೆ, ನೊಣಕ್ಕೆಂದು ಹಿಡಿದವಲ್ಲ, ದೊರೆತನದ ಗುರುತುಗಳು. ನನಗೆ ಕಾಣುವ ವ್ಯತ್ಯಾಸ ಬೇರೆ. ವರ್ಸೈನಲ್ಲಿ ದೇವತೆಗಳೆಲ್ಲ ರಾಜನ ಸೇವೆಗೆ ಬಂದವರು. ಕನಗನಹಳ್ಳಿಯಲ್ಲಿ ರಾಜನೇ ಸ್ತೂಪದ ಸೇವೆಗೆ ಬಂದವನು. ಇನ್ನೊಂದು ಫಲಕದಲ್ಲಿ ಶಾತವಾಹನ ದೊರೆ ಸಾತಕರ್ಣಿ ಮಹಾಚೈತ್ಯಕ್ಕೆ, ಎಂದರೆ ಇದೇ ಸ್ತೂಪಕ್ಕೆ, ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಾನೆ. ಅದನ್ನೂ ಹೆಸರು ಸಮೇತ ಬರೆದಿಟ್ಟಿದ್ದಾರೆ. ಮತ್ತೊಂದರಲ್ಲಿ ಅದೇ ವಂಶದ ಪುಳುಮಾವಿ ಉಜ್ಜಯಿನಿಯನ್ನೇ ಅಜಯತ ಎಂಬವನಿಗೆ ಧಾರೆಯೆರೆದು ಕೊಡುತ್ತಿದ್ದಾನೆ. ಒಂದು ಇಡೀ ಪಟ್ಟಣ ಕೈಬದಲಾದದ್ದನ್ನು ತೋರಿಸಲು ಅಲ್ಲಿನ ಶಿಲ್ಪಿಗೆ ಉಜ್ಜಯಿನಿಯನ್ನು ಹೆಂಗಸಾಗಿ ಕಡೆಯುವ ಅಗತ್ಯ ಬೀಳಲಿಲ್ಲ. ಕೈಮೇಲೆ ನೀರು ಬಿಟ್ಟರೆ ದಾನವಾಯಿತೆಂದು ನೋಡುವವರಿಗೆಲ್ಲ ಗೊತ್ತಿತ್ತು.