ಕಿರು ರೈಲುಮಾರ್ಗದ ಡೀಸೆಲ್ ಎಂಜಿನು

ಯಂತ್ರವೊಂದರ ಆಕಾರ, ತೂಕ, ಶಕ್ತಿಗಳನ್ನು ವಿಜ್ಞಾನದ ನಿಯಮಗಳೇ ನಿರ್ಧರಿಸುತ್ತವೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಯಂತ್ರವನ್ನು ಕೊಳ್ಳುವವರ ಆರ್ಥಿಕ ಸ್ಥಿತಿಯೂ ಅದನ್ನು ನಡೆಸುವ ಕಾರ್ಮಿಕರ ಬದುಕೂ ಅದರ ರಚನೆಯ ಮೇಲೆ ಪ್ರಭಾವ ಬೀರುವುದುಂಟು. ಅಮೆರಿಕದ ಕಿರು ರೈಲುಮಾರ್ಗಗಳಲ್ಲಿ ಓಡಿದ 44 ಟನ್ನಿನ ಡೀಸೆಲ್ ಎಂಜಿನು ಇದಕ್ಕೆ ಒಂದು ಉತ್ತಮ ನಿದರ್ಶನ.

ನ್ಯೂಯಾರ್ಕ್ ಸಂಸ್ಥಾನದ ಪಶ್ಚಿಮ ಭಾಗದಲ್ಲಿ ಆರ್ಕೇಡ್ ಮತ್ತು ಅಟಿಕಾ ಎಂಬ ಎರಡು ಸಣ್ಣ ಊರುಗಳಿವೆ. ಹೈನುಗಾರಿಕೆಗೆ ಹೆಸರಾದ ಪ್ರದೇಶವದು. ಈ ಊರುಗಳನ್ನು ಜೋಡಿಸುತ್ತಿದ್ದ ರೈಲುಮಾರ್ಗವು ನಷ್ಟಕ್ಕೊಳಗಾಗಿ ಮುಚ್ಚುವ ಹಂತಕ್ಕೆ ಬಂದಾಗ, 1917ರಲ್ಲಿ ಸ್ಥಳೀಯ ನಿವಾಸಿಗಳೇ ಷೇರುಗಳನ್ನು ಕೊಂಡು ಅದನ್ನು ಉಳಿಸಿಕೊಂಡರು. ಹೀಗೆ ಜನ್ಮ ತಾಳಿದ ಸಂಸ್ಥೆಯೇ ಆರ್ಕೇಡ್ ಅಂಡ್ ಅಟಿಕಾ ರೈಲ್‌ರೋಡ್. ಊರವರ ಹಣದಿಂದ ಉಳಿದ ಸಂಸ್ಥೆಯಾದುದರಿಂದ ಅಲ್ಲಿ ಪ್ರತಿಯೊಂದು ವೆಚ್ಚವನ್ನೂ ತೂಗಿ ನೋಡಬೇಕಾಗಿದ್ದುದು ಸಹಜ.

ಇಂತಹ ಸಂಸ್ಥೆಗೆ ಉಗಿ ಎಂಜಿನು ಬಲು ದುಬಾರಿಯಾದ ಸೇವಕ. ರೈಲು ಹೊರಡುವುದಕ್ಕೆ ಗಂಟೆಗಟ್ಟಲೆ ಮೊದಲೇ ಕುಲುಮೆಗೆ ಬೆಂಕಿಯಿಟ್ಟು ನೀರನ್ನು ಕಾಯಿಸಬೇಕು. ಬೂದಿಯನ್ನು ತೆಗೆಯಬೇಕು; ಬಾಯ್ಲರನ್ನು ಕಾಲಕಾಲಕ್ಕೆ ತೊಳೆದು ಪರೀಕ್ಷಿಸಬೇಕು. ಚಾಲಕನೊಡನೆ ಕಲ್ಲಿದ್ದಲನ್ನು ಎತ್ತಿ ಹಾಕಲು ಫೈರ್‌ಮನ್ ಇರಲೇಬೇಕು. ದಿನಕ್ಕೆ ಕೆಲವೇ ವ್ಯಾಗನುಗಳನ್ನು ಸಾಗಿಸುವ ಮಾರ್ಗಕ್ಕೆ ಇಷ್ಟೆಲ್ಲ ಖರ್ಚು ಭಾರವೇ ಸರಿ.

ಡೀಸೆಲ್ ಎಂಜಿನು ಬಂದಾಗ ಬೇರೊಂದು ಪ್ರಶ್ನೆ ತಲೆದೋರಿತು. ಕುಲುಮೆಯೇ ಇಲ್ಲದಿರುವಲ್ಲಿ ಫೈರ್‌ಮನ್‌ನ ಕೆಲಸವೇನು? ಕಂಪನಿಗಳು ಅವನು ಅನಾವಶ್ಯಕನೆಂದವು. ಸಾವಿರಾರು ಕುಟುಂಬಗಳ ಅನ್ನದ ಪ್ರಶ್ನೆಯಿದೆಂದೂ, ಸುರಕ್ಷತೆಗಾಗಿ ಇನ್ನೊಂದು ಜೊತೆ ಕಣ್ಣು ಬೇಕೆಂದೂ ಕಾರ್ಮಿಕ ಸಂಘ ವಾದಿಸಿತು. 1937ರಲ್ಲಿ ಉಭಯಪಕ್ಷಗಳಿಗೂ ಒಪ್ಪಂದವಾಯಿತು. ಚಾಲಕ ಗಾಲಿಗಳ ಮೇಲೆ 90,000 ಪೌಂಡಿಗಿಂತ ಹೆಚ್ಚು ಭಾರವಿರುವ ಡೀಸೆಲ್ ಎಂಜಿನುಗಳಲ್ಲಿ ಫೈರ್‌ಮನ್ ಇರಬೇಕೆಂಬುದು ಅದರ ಸಾರಾಂಶ.

ಅಮೆರಿಕದಲ್ಲಿ ಒಂದು ಟನ್ನೆಂದರೆ 2,000 ಪೌಂಡು. ಆ ಲೆಕ್ಕದಲ್ಲಿ ಒಪ್ಪಂದದ ಮಿತಿ 45 ಟನ್ನು. ಜನರಲ್ ಎಲೆಕ್ಟ್ರಿಕ್ ಕಂಪನಿಯು 1940ರಲ್ಲಿ ಹೊರತಂದ ಎಂಜಿನಿನ ತೂಕ 44 ಟನ್ನು, ಎಂದರೆ 88,000 ಪೌಂಡು! ಮಿತಿಗೆ ಕೇವಲ ಒಂದು ಟನ್ನು ಕಡಿಮೆ. ಈ ಒಂದು ಟನ್ನಿನ ಅಂತರದಲ್ಲಿ ಒಬ್ಬ ಮನುಷ್ಯನ ಹುದ್ದೆ ಅಡಗಿತ್ತು.

ಇದರ ರಚನೆಯೂ ಗಮನಾರ್ಹವಾದುದು. ಚಾಲಕನ ಕೋಣೆ ನಡುವೆ. ಅದರ ಹಿಂದೆ ಮುಂದೆ ಒಂದೊಂದು ತಗ್ಗಾದ ಮೂತಿ. ಪ್ರತಿ ಮೂತಿಯೊಳಗೂ ಸುಮಾರು 180 ಅಶ್ವಶಕ್ತಿಯ ಒಂದು ಕ್ಯಾಟರ್‌ಪಿಲ್ಲರ್ ಡೀಸೆಲ್ ಯಂತ್ರ. ಇದು ಗಾಲಿಗಳನ್ನು ನೇರವಾಗಿ ತಿರುಗಿಸುವುದಿಲ್ಲ. ಡೀಸೆಲ್ ಯಂತ್ರವು ಜನರೇಟರನ್ನು ತಿರುಗಿಸಿ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಆ ವಿದ್ಯುತ್ತು ಅಚ್ಚುಗಳಿಗೆ ಜೋಡಿಸಿದ ನಾಲ್ಕು ಮೋಟಾರುಗಳಿಗೆ ಹರಿದು ಗಾಲಿಗಳನ್ನು ನಡೆಸುತ್ತದೆ. ನಿಂತ ರೈಲನ್ನು ಕದಲಿಸಲು ಬೇಕಾದ ಬಲವು ವಿದ್ಯುತ್ ಮೋಟಾರಿನಿಂದ ಸುಲಭವಾಗಿ ದೊರೆಯುವುದೇ ಈ ವ್ಯವಸ್ಥೆಗೆ ಕಾರಣ. ಎರಡು ಯಂತ್ರಗಳಿರುವುದರಿಂದ ಒಂದು ಕೆಟ್ಟರೂ ಮತ್ತೊಂದರ ನೆರವಿನಿಂದ ನಿಧಾನವಾಗಿ ನಿಲ್ದಾಣ ಸೇರಬಹುದು. ಆದರೆ ಎರಡಕ್ಕೂ ಪ್ರತ್ಯೇಕ ಪಾಲನೆ ಬೇಕೆಂಬ ಅನನುಕೂಲವೂ ಇದರೊಡನೆಯೇ ಇದೆ. ವೇಗದ ಮಿತಿ ಗಂಟೆಗೆ ಸುಮಾರು 35 ಮೈಲಿ.

ಆರ್ಕೇಡ್ ಅಂಡ್ ಅಟಿಕಾ ಸಂಸ್ಥೆಯು 1941ರಲ್ಲಿ 110ನೆಯ ಸಂಖ್ಯೆಯ ಇಂತಹ ಎಂಜಿನನ್ನು ಕೊಂಡಿತು. 1947ರಲ್ಲಿ ಎರಡನೆಯ ಡೀಸೆಲ್ ಎಂಜಿನೂ ಬಂದಿತು. ಬೆಳಗ್ಗೆ ಗುಂಡಿ ಒತ್ತಿದರೆ ಹೊರಡಲು ಸಿದ್ಧವಾಗುವ, ಹಗುರವಾದುದರಿಂದ ಹಳೆಯ ಕಂಬಿ ಸೇತುವೆಗಳಿಗೆ ಹೊರೆಯಾಗದ ಈ ಎಂಜಿನು ಬಡ ಮಾರ್ಗಕ್ಕೆ ಹೇಳಿ ಮಾಡಿಸಿದಂತಿತ್ತು. 1957ರಲ್ಲಿ ಪ್ರವಾಹದಿಂದ ಹಳಿ ಕೊಚ್ಚಿಹೋಗಿ ಅಟಿಕಾದ ಕಡೆಯ ಭಾಗವನ್ನು ಕೈಬಿಡಬೇಕಾಯಿತು. ಆದರೂ ಸುಮಾರು 15 ಮೈಲಿಯ ಮಾರ್ಗ ಉಳಿಯಿತು. ವಿನೋದವೆಂದರೆ, 1962ರಲ್ಲಿ ಇದೇ ಸಂಸ್ಥೆ ಪ್ರವಾಸಿಗರಿಗಾಗಿ ಉಗಿ ಎಂಜಿನೊಂದನ್ನು ಕೊಂಡು ತಂದಿತು! ಸರಕಿಗೆ ದುಬಾರಿಯಾಗಿದ್ದ ಉಗಿಯೇ ನೋಟಕರಿಗೆ ಆಕರ್ಷಣೆಯಾಯಿತು.

44 ಟನ್ನಿನ ಎಂಜಿನುಗಳ ತಯಾರಿಕೆ 1956ರಲ್ಲಿ ನಿಂತಿತು. ಅಷ್ಟರಲ್ಲಿ 350ಕ್ಕೂ ಹೆಚ್ಚು ಎಂಜಿನುಗಳು ನಿರ್ಮಾಣವಾಗಿದ್ದವು. 1963ರಲ್ಲಿ ಅಮೆರಿಕದ ಕಾಂಗ್ರೆಸ್ಸು ಮಾಡಿದ ಕಾಯಿದೆಯಂತೆ ರಚಿತವಾದ ಪಂಚಾಯಿತಿ ಮಂಡಳಿಯು, ಸರಕು ರೈಲುಗಳಲ್ಲೂ ಯಾರ್ಡುಗಳಲ್ಲೂ ಫೈರ್‌ಮನ್ ಹುದ್ದೆಗಳ ಬಹುಭಾಗವನ್ನು ಕ್ರಮೇಣ ತೆಗೆದುಹಾಕಬಹುದೆಂದು ತೀರ್ಪಿತ್ತಿತು. ತೂಕದ ಮಿತಿಗೆ ಹಿಂದಿನ ಮಹತ್ವ ಉಳಿಯಲಿಲ್ಲ.

ಈ ಪುಟ್ಟ ಎಂಜಿನಿನಿಂದ ಕಲಿಯಬೇಕಾದ ಪಾಠ ಎರಡು ಬಗೆಯದು. ತನ್ನ ಕಾರ್ಯಕ್ಕೆ ತಕ್ಕಷ್ಟೇ ಶಕ್ತಿಯುಳ್ಳ ಸಾಧನವನ್ನು ಆರಿಸಿಕೊಂಡ ಸಣ್ಣ ಸಂಸ್ಥೆ ದೊಡ್ಡವುಗಳ ನಡುವೆಯೂ ಬಾಳಬಲ್ಲದು. ಆದರೆ ಉಳಿತಾಯದ ಲೆಕ್ಕ ಬರೆಯುವಾಗ, ಆ ಕೋಣೆಯಲ್ಲಿ ಬರಿದಾದ ಎರಡನೆಯ ಆಸನವನ್ನೂ ಮರೆಯಲಾಗದು. ಯಂತ್ರದ ಚರಿತ್ರೆ ಪೂರ್ಣವಾಗಬೇಕಾದರೆ ಉಳಿದ ರೈಲುಮಾರ್ಗವನ್ನೂ ಹೋದ ಹುದ್ದೆಯನ್ನೂ ಒಟ್ಟಿಗೆ ನೋಡಬೇಕು.