ಹಾಡು ಕಲಿಸುವ ಧೈರ್ಯ

ನಾಲ್ವರ ಮುಂದೆ ಬಾಯಿ ತೆರೆಯಲು ಅಂಜುವವರು ಅನೇಕರು. ಆ ಅಂಜಿಕೆಯ ಬೇರು ಅಜ್ಞಾನವಲ್ಲ. ಜನರು ಏನೆಂದಾರೋ ಎಂಬ ಅಭಿಮಾನ. ತಮಗೆ ತಾಳದ, ಗಣದ ತಿಳಿವಳಿಕೆಯಿಲ್ಲವೆಂದು ಬಸವಣ್ಣನವರೇ ಒಂದು ವಚನದಲ್ಲಿ ಒಪ್ಪಿಕೊಂಡಿದ್ದಾರೆ. ಆದರೂ ಹಾಡಲು ಹಿಂಜರಿಯಲಿಲ್ಲ. ಕೇಳುವವನು ಕೂಡಲಸಂಗಮದೇವನೆಂಬ ನಂಬಿಗೆಯಿದ್ದಲ್ಲಿ ನಾಚಿಕೆಗೆ ಎಡೆಯೆಲ್ಲಿ?

ಆದರೆ ಭಾವವೊಂದೇ ಸಾಕೆಂದು ಸಾಧನೆಯನ್ನು ಕಡೆಗಣಿಸಲಾಗದು. ಹಾನಗಲ್ಲ ಸೀಮೆಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಅಂಧರು. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರ ಆಶ್ರಯದಲ್ಲಿ ಸಂಗೀತವನ್ನು ಸಾಧಿಸಿ, ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ನೆಲೆಗೊಳಿಸಿ, ಅಂಧರಿಗೂ ಅನಾಥರಿಗೂ ಅನ್ನದೊಡನೆ ಸ್ವರವನ್ನಿತ್ತರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಅಂಧರೇ ಆದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಕಾರ್ಯವನ್ನು ಮುನ್ನಡೆಸಿದರು. ಲೋಕವು ಕನಿಕರದಿಂದ ಕಾಣುತ್ತಿದ್ದ ಮಕ್ಕಳು ಅಲ್ಲಿ ಕಲಿತು, ಸಭೆಯ ನಡುವೆ ತಲೆಯೆತ್ತಿ ಕುಳಿತು ಹಾಡಿದರು. ದಿನದಿನದ ಅಭ್ಯಾಸವೇ ಅವರಿಗೆ ಧೈರ್ಯವಾಯಿತು.

ಅರಸೀಕೆರೆ, ಕೊಟ್ಟೂರು, ಹರಪನಹಳ್ಳಿ ಸೀಮೆಯ ಸದ್ಭಕ್ತರ ಮನೆಗಳಲ್ಲಿಯೂ ಇದು ಅಸಾಧ್ಯವಲ್ಲ. ಸಂಜೆ ಲಿಂಗಪೂಜೆಯಾದ ಬಳಿಕ ಮಗುವಿನಿಂದ ಒಂದು ವಚನವನ್ನು ಹಾಡಿಸಬೇಕು. ಅದರ ಅರ್ಥವನ್ನು ಮಗುವಿನ ಮಾತಿನಲ್ಲಿಯೇ ಹೇಳಿಸಬೇಕು. ಸ್ವರ ತಪ್ಪಿದರೆ ನಗದೆ ತಿದ್ದಬೇಕು. ಮನೆಯಲ್ಲಿ ನಗೆಗೀಡಾದ ಕಂಠವು ಸಭೆಯಲ್ಲಿ ಏಳದು. ಹಾಡಿದ ನುಡಿಯಂತೆ ನಡೆಯುವ ಛಲವೂ ಮೂಡಿದಾಗ ಆ ಹಾಡು ಸಾರ್ಥಕವಾದೀತು.