ನೋಟ್‌ಪ್ಯಾಡ್‌ನಲ್ಲಿ ಕನ್ನಡ ಪುಟ

ಪರೀಕ್ಷಾ ವೇಳಾಪಟ್ಟಿಯ ಎಚ್‌ಟಿಎಂಎಲ್ ಪುಟವನ್ನು ನಾನು ನೋಟ್‌ಪ್ಯಾಡ್‌ನಲ್ಲೇ ಬರೆಯುತ್ತೇನೆ. ಹೆಡ್ ಟ್ಯಾಗ್‌ನೊಳಗೆ ಮೊದಲು ಹಾಕುವುದು ಮೆಟಾ ಚಾರ್‌ಸೆಟ್ ಸಾಲು, ಬೆಲೆ ಯುಟಿಎಫ್-8. ಕಡತವನ್ನೂ ಅದೇ ಎನ್‌ಕೋಡಿಂಗ್‌ನಲ್ಲಿ ಸೇವ್ ಮಾಡಬೇಕು.

ಇದರಲ್ಲಿ ‘ಕ’ ಅಕ್ಷರಕ್ಕೆ 3 ಬೈಟ್. ‘ಕ್ಷ’ ಎಂದರೆ ಕ, ಹಲಂತ, ಷ ಸೇರಿ 9! ಬ್ರೌಸರ್ ಇದನ್ನು ಹಳೆಯ ಇಂಗ್ಲಿಷ್ ಎನ್‌ಕೋಡಿಂಗ್ ಎಂದು ಓದಿದರೆ ಪ್ರತಿ ಬೈಟೂ ಒಂದೊಂದು ವಿಚಿತ್ರ ಚಿಹ್ನೆಯಾಗುತ್ತದೆ. ಅಂಕಿಗಳು ಮಾತ್ರ ಕೆಡುವುದಿಲ್ಲ. ಮನೆಯಲ್ಲಿ ಮೊಬೈಲ್ ತೆರೆದ ಅಮ್ಮಿಗೆ ತಾರೀಖು ಕಾಣುತ್ತದೆ, ಅಂದು ಯಾವ ವಿಷಯವೆಂದು ತಿಳಿಯುವುದಿಲ್ಲ.

ಆರ್.ಟಿ. ನಗರದ ಡಿಟಿಪಿ ಅಂಗಡಿಯಿಂದ ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪಾಗಿ ಬಂದದ್ದಕ್ಕೆ ಈ ಸಾಲೂ ಸಾಲದು. ಅಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲಿ ಕುಳಿತಿರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಉರ್ದು ಪ್ಯಾರಾಕ್ಕೆ ಡಿಐಆರ್ ಬೆಲೆ ಆರ್‌ಟಿಎಲ್ ಕೊಡಿ, ಬಲ ಅಂಚಿನಿಂದ ಶುರುವಾಗುತ್ತದೆ.